ಸಿನಿಮಾಟೋಗ್ರಾಫರ್ ಒಳಗಿನ ಬಾವಲಿ

ಓದುಗರ ಪತ್ರ: ‘ಕಾನ್ವರ್ಸೇಷನ್, ಕಾನ್ಸರ್ವೇಷನ್ ಎರಡರಲ್ಲೂ ಇರುವುದು ಅವೇ 12 ಅಕ್ಷರ ಎಂದು ಎಂಟನೇ ತರಗತಿಯ ಹುಡುಗಿಯೊಬ್ಬಳು ತೋರಿಸಿದಳು. ಇಂಗ್ಲಿಷಿನಲ್ಲಿ ಇನ್ನೂ ಉದ್ದದ ಇಂಥ ಜೋಡಿಗಳು ಯಾವುವು, ಅವುಗಳ ಅರ್ಥವೇನು? ಮಕ್ಕಳಿಂದಲೇ ಹುಡುಕಿಸಬಹುದೇ?’ – ಪ್ರೌಢಶಾಲಾ ಶಿಕ್ಷಕಿ, ಶಿರಸಿ

ಸಂಪಾದಕರ ಉತ್ತರ:

ಮಾನ್ಯ ಶಿಕ್ಷಕಿಯವರೇ,

ಉದ್ದವೊಂದೇ ಮುಖ್ಯವಾದರೆ ವೈದ್ಯಕೀಯ ಪದಗಳಿಗೆ ಹೋಗಬೇಕು. ಕೋಲಿಸಿಸ್ಟೊಡ್ಯೂಡಿನಾಸ್ಟಮಿ, ಡ್ಯೂಡಿನೊಕೋಲಿಸಿಸ್ಟಾಸ್ಟಮಿ: ಎರಡರಲ್ಲೂ 22 ಅಕ್ಷರ, ಒಂದೂ ಹೆಚ್ಚುಕಡಿಮೆ ಇಲ್ಲ. ‘ಕೋಲಿ’ ಎಂದರೆ ಪಿತ್ತ. ರಕ್ತಪರೀಕ್ಷೆಯ ಚೀಟಿಯಲ್ಲಿ ಕಾಣುವ ಕೊಲೆಸ್ಟರಾಲ್ ಪದದಲ್ಲೂ ಇರುವುದು ಇದೇ. ‘ಸಿಸ್ಟ್’ ಎಂದರೆ ಚೀಲ. ‘ಡ್ಯೂಡಿನಮ್’ ಸಣ್ಣ ಕರುಳಿನ ಮೊದಲ ಭಾಗ. 12 ಬೆರಳಿನ ಅಗಲದಷ್ಟು ಉದ್ದ ಎಂಬ ಲೆಕ್ಕದಲ್ಲಿ ಬಂದ ಹೆಸರು. ‘ಸ್ಟಮಿ’ ಎಂದರೆ ಬಾಯಿ ತೆರೆಯುವುದು. ಪಿತ್ತಕೋಶವನ್ನು ಕರುಳಿಗೆ ನೇರವಾಗಿ ಜೋಡಿಸಿ ಪಿತ್ತರಸ ಹರಿಯಲು ದಾರಿ ಮಾಡುವ ಶಸ್ತ್ರಚಿಕಿತ್ಸೆಗೆ ಈ ಎರಡೂ ಹೆಸರು.

ಆದರೆ ಈ ಜೋಡಿಯನ್ನು ತರಗತಿಯಲ್ಲಿ ದೊಡ್ಡ ಸಾಧನೆಯೆಂದು ತೋರಿಸಬೇಡಿ. ರೈಲಿನ ಎರಡು ಬೋಗಿಗಳನ್ನು ಹಿಂದುಮುಂದು ಮಾಡಿದ ಹಾಗೆ, ಇಲ್ಲಿ ‘ಕೋಲಿಸಿಸ್ಟೊ’ ಮತ್ತು ‘ಡ್ಯೂಡಿನೊ’ ಜಾಗ ಬದಲಿಸಿವೆ, ಅಷ್ಟೇ. ಅಕ್ಷರಗಳು ನಿಜವಾಗಿ ಕಲಕಿಲ್ಲ, ಅರ್ಥವೂ ಬದಲಾಗಿಲ್ಲ. ಹೃದಯದ ಸುತ್ತಲಿನ ಪೊರೆಯೊಳಗೆ ನೀರು ಮತ್ತು ಗಾಳಿ ಸೇರಿಕೊಳ್ಳುವ ಸ್ಥಿತಿಗೆ ಹೈಡ್ರೊನ್ಯೂಮೊಪೆರಿಕಾರ್ಡಿಯಮ್, ನ್ಯೂಮೊಹೈಡ್ರೊಪೆರಿಕಾರ್ಡಿಯಮ್ ಎಂಬ ಎರಡು ಹೆಸರುಗಳಿವೆ. ಅವೂ 22 ಅಕ್ಷರದವು, ಅವುಗಳ ಕತೆಯೂ ಇಷ್ಟೇ.

ಹಾಗಾಗಿ ಅಳೆಯಬೇಕಾದ್ದು ಕಲಕಿದ ಪ್ರಮಾಣವನ್ನು. ಒಂದು ಪದವನ್ನು ಕಾಗದದ ಪಟ್ಟಿಯಲ್ಲಿ ಬರೆದು, ಎಷ್ಟು ತುಂಡು ಮಾಡಿದರೆ ಇನ್ನೊಂದನ್ನು ಜೋಡಿಸಬಹುದು ನೋಡಿ. ತುಂಡುಗಳು ಆದಷ್ಟು ಕಡಿಮೆಯಿರಬೇಕು. ಹಾಗೆ ಮಾಡಿಯೂ ಹೆಚ್ಚು ತುಂಡು ಬೇಕಾದರೆ ಅಕ್ಷರಗಳು ಹೆಚ್ಚು ಕಲಕಿವೆ ಎಂದರ್ಥ. 22 ಅಕ್ಷರದ ಆ ಜೋಡಿಗಳಿಗೆ 3 ತುಂಡು ಸಾಕು. ನಿಮ್ಮ ವಿದ್ಯಾರ್ಥಿನಿ ಕಂಡುಹಿಡಿದ ಜೋಡಿಗೆ 5 ಬೇಕು: ವಿ ಮತ್ತು ಎಸ್ ಅದಲುಬದಲಾಗುತ್ತವೆ, ಉಳಿದ ಮೂರು ತುಂಡು ಇದ್ದಲ್ಲೇ ಇರುತ್ತವೆ. ಅಂದರೆ 12 ಅಕ್ಷರದ ಅವಳ ಜೋಡಿ 22 ಅಕ್ಷರದ್ದಕ್ಕಿಂತ ಮೇಲು. ಇದನ್ನು ಅವಳಿಗೆ ಖಂಡಿತ ಹೇಳಿ.

ನನ್ನ ಮಟ್ಟಿಗೆ ಇಂಗ್ಲಿಷಿನ ಅತ್ಯುತ್ತಮ ಜೋಡಿ ಸಿನಿಮಾಟೋಗ್ರಾಫರ್ ಮತ್ತು ಮೆಗಕೈರಾಪ್ಟರನ್. ಒಂದೊಂದೂ 15 ಅಕ್ಷರ. ಎರಡರ ಅಕ್ಷರಗಳನ್ನೂ ಎ-ಬಿ-ಸಿ ಕ್ರಮದಲ್ಲಿ ಬರೆದರೆ ಬರುವ ಸಾಲು ಒಂದೇ: ಎ, ಎ, ಸಿ, ಇ, ಇ, ಜಿ, ಎಚ್, ಐ, ಎಂ, ಎನ್, ಓ, ಪಿ, ಆರ್, ಆರ್, ಟಿ. ಕತ್ತರಿಸಲು ಹೊರಟರೆ 14 ತುಂಡು ಬೇಕು, ಅಂದರೆ ಬಹುತೇಕ ಪ್ರತಿ ಅಕ್ಷರವೂ ಬೇರೆಯಾಗಬೇಕು. ‘ಇ-ಆರ್’ ಮತ್ತು ‘ಆರ್-ಎ’ ಎಂಬ ಜೊತೆಗಳು ಎರಡೂ ಪದದಲ್ಲಿವೆ. ಆದರೆ ಎರಡನೆಯದರಲ್ಲಿ ಅವು ಒಂದೇ ಆರ್ ಅನ್ನು ಹಂಚಿಕೊಂಡಿರುವುದರಿಂದ ಯಾವುದಾದರೂ ಒಂದನ್ನು ಮಾತ್ರ ಉಳಿಸಿಕೊಳ್ಳಬಹುದು.

ಮೊದಲನೆಯದು ಸಿನಿಮಾ ಛಾಯಾಗ್ರಾಹಕ. ಎರಡನೆಯದು ಹಣ್ಣು ತಿನ್ನುವ ದೊಡ್ಡ ಬಾವಲಿಗಳ ಗುಂಪಿಗೆ ಸೇರಿದ ಪ್ರಾಣಿ. ಗ್ರೀಕಿನ ‘ಮೆಗ’ ದೊಡ್ಡದು, ‘ಕೈರ್’ ಕೈ, ‘ಪ್ಟೆರಾನ್’ ರೆಕ್ಕೆ. ಬಾವಲಿಯ ರೆಕ್ಕೆ ನಿಜಕ್ಕೂ ಕೈಯೇ: ಉದ್ದವಾಗಿ ಬೆಳೆದ ಬೆರಳುಮೂಳೆಗಳ ನಡುವೆ ತೆಳು ಚರ್ಮ ಹರಡಿಕೊಂಡಿರುತ್ತದೆ. ನಮ್ಮ ಊರುಗಳ ಆಲ, ಅರಳಿ ಮರಗಳಲ್ಲಿ ಹಗಲಿಡೀ ತಲೆಕೆಳಗಾಗಿ ತೂಗುವ ದೊಡ್ಡ ಬಾವಲಿಯೂ ಇದೇ ಗುಂಪಿನದು. ವಂಶವಾಹಿ ಅಧ್ಯಯನಗಳ ನಂತರ ವಿಜ್ಞಾನಿಗಳು ಬಾವಲಿಗಳನ್ನು ಬೇರೆ ರೀತಿ ವಿಂಗಡಿಸುತ್ತಾರೆ. ಆದರೂ ಹಳೆಯ ಪದ ಶಬ್ದಕೋಶಗಳಲ್ಲಿ ಉಳಿದಿದೆ.

ಮಕ್ಕಳಿಗೆ ಇದಕ್ಕಿಂತ ಸುಲಭವಾದವು ಬೇಕಲ್ಲ? ಎನ್ಯೂಮರೇಷನ್ ಎಂದರೆ ಒಂದೊಂದಾಗಿ ಎಣಿಸುವುದು. ಅದರ 11 ಅಕ್ಷರ ಕಲಕಿದರೆ ಪರ್ವತಾರೋಹಿ, ಮೌಂಟನಿಯರ್. 10 ತುಂಡು ಬೇಕಾಗುವ ಬಹಳ ಒಳ್ಳೆಯ ಜೋಡಿ ಇದು. 10 ಅಕ್ಷರದವುಗಳಲ್ಲಿ ಎದುರಾಳಿ ಎಂಬರ್ಥದ ಆಂಟಗೊನಿಸ್ಟ್ ಮತ್ತು ನಿಂತ ನೀರಿನ ಸ್ಥಿತಿಯಾದ ಸ್ಟ್ಯಾಗ್ನೇಷನ್. ಶಾಸಕನೆಂಬ ಲೆಜಿಸ್ಲೇಟರ್ ಮತ್ತು ಒಂದು ಕತೆಯ ಮರೆಯಲ್ಲಿ ಇನ್ನೊಂದನ್ನು ಹೇಳುವ ಅಲೆಗರಿಸ್ಟ್ ಇವೆ.

ಇನ್ನು ಹುಡುಕುವ ವಿಧಾನ. ಕಣ್ಣಳತೆಯಲ್ಲಿ ಹುಡುಕಿದರೆ ಎರಡು ಸಲ ಬರುವ ಅಕ್ಷರಗಳು ತಪ್ಪಿಹೋಗುತ್ತವೆ. ಒಂದು ಚೀಟಿಯಲ್ಲಿ ಒಂದು ಪದ ಬರೆಸಿ, ಅದರ ತಲೆಯ ಮೇಲೆ ಅವೇ ಅಕ್ಷರಗಳನ್ನು ಎ-ಬಿ-ಸಿ ಕ್ರಮದಲ್ಲಿ ಬರೆಸಿ. ಆ ಮೇಲಿನ ಸಾಲಿನ ಪ್ರಕಾರ ಚೀಟಿಗಳನ್ನು ಜೋಡಿಸಿದರೆ ಜೋಡಿಪದಗಳು ತಾವಾಗಿ ಅಕ್ಕಪಕ್ಕ ಬರುತ್ತವೆ. ಶಾಲೆಯ ಕಂಪ್ಯೂಟರಿನಲ್ಲಾದರೆ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಐದಾರು ಸಾಲು ಸಾಕು: ಪ್ರತಿ ಪದದ ಅಕ್ಷರಗಳನ್ನು ಎ-ಬಿ-ಸಿ ಕ್ರಮಕ್ಕೆ ಸಾರ್ಟ್ ಮಾಡಿ, ಆ ಸಾಲಿನ ಹೆಸರಿನಡಿ ಪದವನ್ನು ಕೂಡಿಟ್ಟು, ಎರಡು ಅಥವಾ ಹೆಚ್ಚು ಪದ ಸೇರಿದ ಗುಂಪುಗಳನ್ನಷ್ಟೇ ಮುದ್ರಿಸುವುದು.

ಎಡವುವ ಜಾಗಗಳಿವೆ. ದೊಡ್ಡಕ್ಷರ, ಸಣ್ಣಕ್ಷರ ಕಂಪ್ಯೂಟರಿಗೆ ಬೇರೆಬೇರೆ. ಮೊದಲೇ ಎಲ್ಲವನ್ನೂ ಸಣ್ಣಕ್ಷರಕ್ಕೆ ತನ್ನಿ. ಹೈಫನ್ ಮತ್ತು ಅಪಾಸ್ಟ್ರಫಿ ತೆಗೆದುಹಾಕಿ. ಸೆಂಟರ್, ಥಿಯೇಟರ್ ಪದಗಳ ಬ್ರಿಟಿಷ್ ಮತ್ತು ಅಮೆರಿಕನ್ ಕಾಗುಣಿತಗಳು ಜೋಡಿಯಂತೆ ಬಂದುಬಿಡುತ್ತವೆ; ಅವು ಒಂದೇ ಪದ, ಬಿಡಿ. ಬಹುವಚನದ ಎಸ್ ಹಚ್ಚಿಕೊಂಡ ಜೋಡಿಗಳೂ ಹೊಸವಲ್ಲ. ಅಕ್ಷರಕ್ಕೊಂದರಂತೆ 2ರಿಂದ 101ರವರೆಗಿನ ಅವಿಭಾಜ್ಯ ಸಂಖ್ಯೆ ಕೊಟ್ಟು ಗುಣಿಸುವ ವಿಧಾನವೂ ಇದೆ; ಗುಣಲಬ್ಧ ಒಂದೇ ಬಂದರೆ ಅಕ್ಷರಗಳೂ ಅವೇ. ಪೈಥಾನಿನಲ್ಲಿ ಅದು ಸರಿಯಾಗಿ ನಡೆಯುತ್ತದೆ. ಸಂಖ್ಯೆಯನ್ನು 64 ಬಿಟ್‌ಗೆ ಮಿತಿಗೊಳಿಸುವ ಭಾಷೆಗಳಲ್ಲಿ ಉದ್ದ ಪದಗಳ ಗುಣಲಬ್ಧ ಮಿತಿ ಮೀರುತ್ತದೆ, ಲೆಕ್ಕ ಕೆಡುತ್ತದೆ. ಸ್ಕ್ರ್ಯಾಬಲ್ ಆಟದ ಪದಪಟ್ಟಿ ಬಳಸಿದರೆ 15 ಅಕ್ಷರಕ್ಕಿಂತ ಉದ್ದದವು ಸಿಗುವುದಿಲ್ಲ, ಏಕೆಂದರೆ ಅದರ ಹಲಗೆಯ ಒಂದು ಸಾಲಿನಲ್ಲಿ 15 ಮನೆಗಳು ಮಾತ್ರ.

ಕನ್ನಡದಲ್ಲಿ ಏಕೆ ಇಂಥವು ಕಡಿಮೆ ಎಂದು ಮಕ್ಕಳು ಕೇಳಿಯೇ ಕೇಳುತ್ತಾರೆ. ರಸ–ಸರ, ಸದಾ–ದಾಸ ಎಂಬ ಪುಟ್ಟ ಜೋಡಿಗಳುಂಟು. ನಮ್ಮಲ್ಲಿ ಸ್ವರ ವ್ಯಂಜನಕ್ಕೆ ಅಂಟಿಕೊಂಡೇ ಬರುತ್ತದೆ. ಅದನ್ನು ಬಿಡಿಸಿ ಬೇರೆ ಕಡೆ ಇಡಲಾಗದು. 26 ಅಕ್ಷರದ ಬದಲು ಕಾಗುಣಿತ, ಒತ್ತಕ್ಷರ ಸೇರಿ ನೂರಾರು ರೂಪಗಳಾದಾಗ ಎರಡು ಉದ್ದ ಪದಗಳ ಅಕ್ಷರಗಳು ಹೊಂದುವುದು ಕಷ್ಟ.

ತರಗತಿಗೆ ಒಂದು ಸಾಲು ಕೊಟ್ಟಿದ್ದೇನೆ: ಸಿ, ಇ, ಐ, ಎನ್, ಓ, ಪಿ, ಆರ್, ಎಸ್, ಎಸ್, ಯು. ಇವೇ 10 ಅಕ್ಷರಗಳಿಂದ ಎರಡು ಪದ ಆಗಬೇಕು. ಒಂದು ಮೃದಂಗ, ತಬಲಾಗಳಂಥ ವಾದ್ಯಗಳ ವರ್ಗಕ್ಕೆ ಸಂಬಂಧಿಸಿದ್ದು. ಇನ್ನೊಂದು ಶಬ್ದಕ್ಕಿಂತ ವೇಗವಾಗಿ ಹಾರುವ ವಿಮಾನಕ್ಕೆ ಹೇಳುವ ವಿಶೇಷಣ.