ತೋಟದಲ್ಲಿಡುವ ಸೆನ್ಸರ್ ಚಿಪ್‌ನ ಕೀಯನ್ನು ಸೈಡ್-ಚಾನೆಲ್ ದಾಳಿಯಿಂದ ಕಾಪಾಡುವುದು ಹೇಗೆ?

ನೀವು ಕೇಳಿರುವುದು ಇಷ್ಟು: ವಿರಾಜಪೇಟೆ ಹತ್ತಿರದ ರೋಬಸ್ಟಾ ತೋಟದಲ್ಲಿ ಮಣ್ಣಿನ ತೇವ ಅಳೆಯುವ ಡಬ್ಬಿಗಳನ್ನು ಇಟ್ಟಿದ್ದೀರಿ. ಅವು ಲೋರಾವಾನ್ (ಕಡಿಮೆ ಪವರ್‌ನಲ್ಲಿ ದೂರಕ್ಕೆ ತಲುಪುವ ರೇಡಿಯೋ ನೆಟ್‌ವರ್ಕ್) ಮೂಲಕ ಮಾಹಿತಿ ಕಳಿಸುತ್ತವೆ. ಕೆರೆ ಬದಿಯ ಮೋಟರ್ ಸ್ಟಾರ್ಟರ್ ಕೂಡ ಅದೇ ನೆಟ್‌ವರ್ಕ್‌ನಲ್ಲಿದೆ. ಎಲ್ಲಕ್ಕೂ ಎಇಎಸ್-128 ಬೀಗ ಇದೆ, ಅಂದರೆ 128 ಬಿಟ್‌ನ ಗುಟ್ಟಿನ ಸಂಖ್ಯೆ (ಕೀ) ಹಾಕಿ ಮಾಹಿತಿಯನ್ನು ಗೂಢಲಿಪಿ ಮಾಡುವ ವಿಧಾನ. ಆದರೂ ಯಾರಾದರೂ ಚಿಪ್ ಎಳೆಯುವ ಕರೆಂಟ್ ನೋಡಿಯೇ ಕೀ ಕದಿಯಬಹುದಂತೆ, ನಿಜವಾ? ತಡೆಯುವುದು ಹೇಗೆ?

ನಿಜ. ಹೀಗೆ ಬೀಗ ಮುರಿಯದೆ, ಚಿಪ್ ಹೊರಗೆ ಬಿಟ್ಟುಕೊಡುವ ಸುಳಿವುಗಳಿಂದಲೇ ಕೀ ತೆಗೆಯುವುದಕ್ಕೆ ಸೈಡ್-ಚಾನೆಲ್ ದಾಳಿ ಅನ್ನುತ್ತಾರೆ. ನಾನೂ ಸೋಮವಾರಪೇಟೆ ಕಡೆಯವನೇ, ಇಂಥ ಸಣ್ಣ ಚಿಪ್‌ಗಳಿಗೆ ಫರ್ಮ್‌ವೇರ್ (ಚಿಪ್ ಒಳಗೆ ಓಡುವ ಪ್ರೋಗ್ರಾಂ) ಬರೆಯುವುದು ನನ್ನ ಹೊಟ್ಟೆಪಾಡು. ಮೊದಲೇ ಹೇಳಿಬಿಡುತ್ತೇನೆ, ಸೋರಿಕೆಯನ್ನು ಪೂರ್ತಿ ನಿಲ್ಲಿಸಲು ಆಗುವುದಿಲ್ಲ. ಕದ್ದವನಿಗೆ ಒಂದು ಡಬ್ಬಿಗಿಂತ ಜಾಸ್ತಿ ದಕ್ಕದ ಹಾಗೆ ಮಾಡಬಹುದು. ನನ್ನ ಪ್ರಕಾರ ನಿಮ್ಮ ಕೆಲಸ ಅಲ್ಲಿಂದ ಶುರುವಾಗಬೇಕು.

ಮಾರ್ಚ್‌ನಲ್ಲಿ ಪಕ್ಕದ ತೋಟದವರು ಹೂವಿಗೆ ನೀರು ಹೊಡೆಯುವಾಗ ನೀವು ಬೇಲಿ ದಾಟಿ ಹೋಗಿ ನೋಡಬೇಕಾ? ಎಂಜಿನ್ ಸದ್ದು ಭಾರವಾದರೆ ಸ್ಪ್ರಿಂಕ್ಲರ್ ತಿರುಗುತ್ತಿದೆ, ಹಗುರಾದರೆ ಪೈಪ್ ಬದಲಿಸುತ್ತಿದ್ದಾರೆ ಅಂತ ಮನೆಯಲ್ಲಿ ಕೂತೇ ಗೊತ್ತಾಗುತ್ತದೆ. ಚಿಪ್ ಕೂಡ ಹಾಗೆಯೇ. ಒಳಗೆ ಬಿಟ್‌ಗಳು ಬದಲಾದಾಗ ಅದು ಚೂರು ಕರೆಂಟ್ ಎಳೆಯುತ್ತದೆ, ಜಾಸ್ತಿ ಬಿಟ್ ಬದಲಾದರೆ ಜಾಸ್ತಿ ಎಳೆಯುತ್ತದೆ. ಲೆಕ್ಕಕ್ಕೆ ಹಿಡಿಯುವ ಸಮಯದಿಂದಲೇ ಕೀ ತೆಗೆಯಬಹುದು ಅಂತ ಗೂಢಲಿಪಿ ತಜ್ಞ ಪಾಲ್ ಕೋಚರ್ 1996ರಲ್ಲಿ ತೋರಿಸಿದರು. 1999ರಲ್ಲಿ ಅವರೂ ಇಬ್ಬರು ಸಂಗಡಿಗರೂ ಸೇರಿ ಕರೆಂಟ್‌ನಿಂದಲೂ ಅದು ಸಾಧ್ಯ ಅಂತ ತೋರಿಸಿದರು.

ಇದನ್ನು ಮೇಜಿನ ಮೇಲೆ ನೋಡಬೇಕು, ಆಗ ನಂಬಿಕೆ ಬರುತ್ತದೆ. ಚಿಪ್‌ಗೆ ಪವರ್ ಕೊಡುವ ದಾರಿಯಲ್ಲಿ 10 ಓಮ್‌ನ ಒಂದು ರೆಸಿಸ್ಟರ್ ಸೇರಿಸಿ, ಹತ್ತಿರದ ಕೆಪಾಸಿಟರ್‌ಗಳನ್ನು ಕಿತ್ತು, ಆಸಿಲೋಸ್ಕೋಪ್ (ಕರೆಂಟ್‌ನ ಏರಿಳಿತವನ್ನು ಪರದೆಯಲ್ಲಿ ತೋರಿಸುವ ಉಪಕರಣ) ಹಚ್ಚಿ. ಎಇಎಸ್ ಓಡುವಾಗ ಪರದೆಯ ಮೇಲೆ ಒಂದೇ ಥರದ ಉಬ್ಬುಗಳು ಸಾಲಾಗಿ ಕಾಣುತ್ತವೆ. ಎಣಿಸಿದರೆ ಹತ್ತು, ಎಇಎಸ್ ಲೆಕ್ಕದ ಒಂದು ಸುತ್ತಿಗೆ ಒಂದು ಉಬ್ಬು. ಕೊನೆಯದು ಉಳಿದವಕ್ಕಿಂತ ಗಿಡ್ಡ, ಯಾಕೆಂದರೆ ಎಇಎಸ್-128ರ ಹತ್ತನೇ ಸುತ್ತಿನಲ್ಲಿ ಬೈಟ್‌ಗಳನ್ನು ಬೆರೆಸುವ ಮಿಕ್ಸ್‌ಕಾಲಮ್ಸ್ ಹಂತ ಇಲ್ಲ. ಕೀ ಇನ್ನೂ ಸಿಕ್ಕಿಲ್ಲ, ಆದರೆ ಒಳಗೆ ಯಾವಾಗ ಏನು ನಡೆಯುತ್ತಿದೆ ಅಂತ ಆಗಲೇ ಗೊತ್ತಾಯಿತು. (ಮಳೆಗಾಲದಲ್ಲಿ ಇದನ್ನು ಇನ್ವರ್ಟರ್ ಮೇಲೆ ಅಳೆಯಲು ಹೋಗಬೇಡಿ, ಬರೀ ಇನ್ವರ್ಟರ್‌ನ ಗಲಾಟೆಯೇ ಕಾಣುತ್ತದೆ. ಬೋರ್ಡನ್ನು ಬ್ಯಾಟರಿಯಲ್ಲಿ ಓಡಿಸಿ.)

ಮುಂದಿನದು ಬರೀ ಲೆಕ್ಕ. 128 ಬಿಟ್‌ನ ಕೀಯನ್ನು ಒಂದೊಂದಾಗಿ ಊಹಿಸಲು ಹೋದರೆ 39 ಅಂಕಿಗಳಷ್ಟು ದೊಡ್ಡ ಸಂಖ್ಯೆಯ ಸಾಧ್ಯತೆಗಳಿವೆ. ಆದರೆ ಮೊದಲ ಸುತ್ತಿನಲ್ಲಿ ಚಿಪ್ ಕೀಯನ್ನು ಒಂದೊಂದೇ ಬೈಟ್ ಆಗಿ ಬಳಸುತ್ತದೆ. ಒಂದು ಬೈಟ್‌ಗೆ 256 ಊಹೆ, ಹೀಗೆ 16 ಬೈಟ್. ಒಟ್ಟು 4096. ಪ್ರತಿ ಊಹೆಗೂ ಎಷ್ಟು ಕರೆಂಟ್ ಹೋಗಬೇಕಿತ್ತು ಅಂತ ಲೆಕ್ಕ ಹಾಕಿ, ಅಳೆದದ್ದರ ಜೊತೆ ತಾಳೆ ನೋಡಿದರೆ ಸರಿಯಾದ ಊಹೆ ಎದ್ದು ಕಾಣುತ್ತದೆ. ಯಾವ ರಕ್ಷಣೆಯೂ ಇಲ್ಲದ ಸಾಫ್ಟ್‌ವೇರ್ ಎಇಎಸ್ ಆದರೆ ಸಣ್ಣ 8 ಬಿಟ್ ಚಿಪ್‌ನಲ್ಲಿ ನೂರರೊಳಗಿನ ಅಳತೆಗಳೂ ಸಾಕಾಗಬಹುದು.

ಈಗ ನಿಮ್ಮ ಡಬ್ಬಿಗೆ ಬರೋಣ. ತೋಟದಲ್ಲಿ ಕಂಬಕ್ಕೆ ಕಟ್ಟಿದ ಡಬ್ಬಿಯನ್ನು ಯಾರು ಬೇಕಾದರೂ ಬಿಚ್ಚಿಕೊಂಡು ಹೋಗಬಹುದು. (ಆನೆ ಮೊದಲು ಬೀಳಿಸದಿದ್ದರೆ.) ಕೂಡಲೇ ನೋಡಬೇಕಾದ್ದು: ಎಲ್ಲ ಡಬ್ಬಿಗಳಿಗೂ ಒಂದೇ ಆಪ್‌ಕೀ (ಲೋರಾವಾನ್ ನೆಟ್‌ವರ್ಕ್‌ಗೆ ಸೇರಲು ಡಬ್ಬಿ ಬಳಸುವ ಮೂಲ ಕೀ) ಹಾಕಿದ್ದೀರಾ? ಸುಲಭ ಅಂತ ತುಂಬಾ ಜನ ಹಾಗೇ ಮಾಡುತ್ತಾರೆ. ಹಾಗಿದ್ದರೆ ಒಂದು ತೇವದ ಡಬ್ಬಿ ಕದ್ದವನ ಕೈಗೆ ಮೋಟರ್ ಸ್ಟಾರ್ಟರ್ ಕೂಡ ಹೋಯಿತು. 2016ರಲ್ಲಿ ಫಿಲಿಪ್ಸ್ ಹ್ಯೂ ಅನ್ನುವ ಸ್ಮಾರ್ಟ್ ಬಲ್ಬ್‌ಗಳ ವಿಷಯದಲ್ಲಿ ಸಂಶೋಧಕರು ತೋರಿಸಿದ್ದೂ ಇದನ್ನೇ. ಒಂದು ಮಾದರಿಯ ಬಲ್ಬ್‌ಗಳಿಗೆಲ್ಲ ಫರ್ಮ್‌ವೇರ್ ಕೀ ಒಂದೇ ಇತ್ತು. ಕರೆಂಟ್ ಅಳೆದು ಅದನ್ನು ತೆಗೆದರು. ಬಲ್ಬ್‌ನಿಂದ ಬಲ್ಬ್‌ಗೆ ತಾನಾಗಿ ಹರಡುವ ಕುತಂತ್ರಾಂಶ (ವರ್ಮ್) ಬರೆಯಲು ಅದು ದಾರಿಯಾಯಿತು. ಪ್ರತಿ ಡಬ್ಬಿಗೂ ಬೇರೆ ಕೀ ಕೊಡಿ. ಸ್ಟಾರ್ಟರ್‌ಗಂತೂ ಖಂಡಿತ ಬೇರೆ.

ಇನ್ನೊಂದು ವಿಷಯವನ್ನು ಜಾಸ್ತಿ ಜನ ಗಮನಿಸುವುದಿಲ್ಲ. ಡಬ್ಬಿ ಹದಿನೈದು ನಿಮಿಷಕ್ಕೊಮ್ಮೆ ಮಾತಾಡಿದರೆ ದಿನಕ್ಕೆ 96 ಸಂದೇಶ. ಸುಮ್ನೆ ಕಾದು ಕೂತ ಕಳ್ಳನಿಗೆ ಅಳತೆಗಳು ನಿಧಾನವಾಗಿ ಸಿಗುತ್ತವೆ. ಆದರೆ ಅವನು ಯಾಕೆ ಕಾಯುತ್ತಾನೆ? ರಿಸೆಟ್ ಒತ್ತಿದರೆ ಡಬ್ಬಿ ಮತ್ತೆ ಜಾಯಿನ್ ಕೇಳುತ್ತದೆ, ಅಂದರೆ ನೆಟ್‌ವರ್ಕ್‌ಗೆ ಸೇರಿಸಿಕೊಳ್ಳಿ ಅನ್ನುತ್ತದೆ. ಐದು ಸೆಕೆಂಡ್ ಬಿಟ್ಟು ಉತ್ತರಕ್ಕೆ ಕಿವಿ ಕೊಡುತ್ತದೆ. ಆಗ ಅವನೇ ಒಂದು ಸುಳ್ಳು ಜಾಯಿನ್-ಆಕ್ಸೆಪ್ಟ್ (ಸೇರಿಸಿಕೊಂಡೆವು ಅನ್ನುವ ಉತ್ತರ) ಕಳಿಸುತ್ತಾನೆ. ಅದು ಸುಳ್ಳು ಅಂತ ತಿಳಿಯಬೇಕಾದರೂ ಚಿಪ್ ಮೊದಲು ಅದನ್ನು ಆಪ್‌ಕೀ ಹಾಕಿ ಬಿಡಿಸಲೇಬೇಕು! ಅಂದರೆ ತನಗೆ ಬೇಕಾದ ಅಂಕಿ ಕೊಟ್ಟು ನಿಮ್ಮ ಕೀಯನ್ನು ಓಡಿಸಿ ನೋಡುವ ಅವಕಾಶ ಅವನಿಗೆ ಸಿಕ್ಕಿತು. ಇದಕ್ಕೆ ಮದ್ದು ಅಗ್ಗದ್ದೇ. ಜಾಯಿನ್ ಸೋತಷ್ಟೂ ಮುಂದಿನ ಪ್ರಯತ್ನಕ್ಕೆ ಹೆಚ್ಚು ಹೊತ್ತು ಕಾಯುವಂತೆ ಮಾಡಿ, ಎಷ್ಟು ಸಲ ಸೋತಿದೆ ಅನ್ನುವುದನ್ನು ಫ್ಲ್ಯಾಶ್‌ನಲ್ಲಿ ಬರೆದಿಡಿ. ಬರೀ ರ್‍ಯಾಮ್‌ನಲ್ಲಿಟ್ಟರೆ ರಿಸೆಟ್ ಒತ್ತಿದ ಕೂಡಲೇ ಮರೆತುಹೋಗುತ್ತದೆ.

ಇಷ್ಟಾದ ಮೇಲೆ ಚಿಪ್‌ನ ಒಳಗಿನ ರಕ್ಷಣೆ. ನಿಜವಾದ ಮದ್ದು ಮಾಸ್ಕಿಂಗ್. ಗುಟ್ಟಿನ ಬೈಟ್ ಅನ್ನು ಇದ್ದ ಹಾಗೆ ಎಲ್ಲೂ ಇಡದೆ, ಪ್ರತಿ ಸಲ ಹೊಸ ಯಾದೃಚ್ಛಿಕ ಸಂಖ್ಯೆಯ ಜೊತೆ ಎಕ್ಸಾರ್ ಮಾಡಿ (ಎರಡರಲ್ಲಿ ಬೇರೆ ಬೇರೆ ಇರುವ ಬಿಟ್‌ಗಳನ್ನು ಮಾತ್ರ 1 ಮಾಡುವ ಲೆಕ್ಕ) ಎರಡು ಪಾಲಾಗಿ ಇಡುವುದು. ಒಂದು ಪಾಲು ಮಾತ್ರ ಸೋರಿದರೆ ಅದರಿಂದ ಏನೂ ತಿಳಿಯುವುದಿಲ್ಲ. ಕೇಳಲು ಸುಲಭ, ಬರೆಯಲು ಕಷ್ಟ. ಸಿ ಭಾಷೆಯಲ್ಲಿ ನೀವು ನೀಟಾಗಿ ಬರೆದಿರುತ್ತೀರಿ, ಅದನ್ನು ಚಿಪ್‌ನ ಭಾಷೆಗೆ ತಿರುಗಿಸುವ ಕಂಪೈಲರ್ ಎರಡೂ ಪಾಲನ್ನು ಒಂದಾದ ಮೇಲೊಂದು ಒಂದೇ ರಿಜಿಸ್ಟರ್‌ಗೆ (ಚಿಪ್ ಒಳಗೆ ಸಂಖ್ಯೆ ಇಡುವ ಜಾಗ) ಹಾಕಿಬಿಡುತ್ತದೆ. ಹಳೆಯ ಮೌಲ್ಯದಿಂದ ಹೊಸದಕ್ಕೆ ಬದಲಾಗುವ ಬಿಟ್‌ಗಳು ಅಂದರೆ ಎರಡರ ಎಕ್ಸಾರ್, ಅಂದರೆ ನೀವು ಬಚ್ಚಿಟ್ಟ ಗುಟ್ಟೇ! ಹಾಗಾಗಿ ಇದನ್ನು ಸ್ವಂತವಾಗಿ ಬರೆಯಬೇಡಿ ಅನ್ನುತ್ತೇನೆ. ಎಸ್‌ಟಿಎಂ32ಯು585ರಂಥ ಚಿಪ್‌ಗಳಲ್ಲಿ ಸೈಡ್-ಚಾನೆಲ್ ದಾಳಿ ತಡೆಯಲೆಂದೇ ಮಾಡಿದ ಬೇರೆ ಎಇಎಸ್ ಘಟಕ ಇದೆ. ಡೇಟಾಶೀಟ್‌ನಲ್ಲಿ ಆ ಮಾತೇ ಇಲ್ಲದ ಹಾರ್ಡ್‌ವೇರ್ ಎಇಎಸ್ ಸೋರುತ್ತದೆ ಅಂತಲೇ ಇಟ್ಟುಕೊಳ್ಳಿ.

ಕರೆಂಟ್‌ನಲ್ಲಿ ಸುಮ್ನೆ ಗದ್ದಲ (ಅಡ್ಡಾದಿಡ್ಡಿ ಏರಿಳಿತ) ಸೇರಿಸುವುದರಲ್ಲಿ ನನಗೆ ಅಷ್ಟು ನಂಬಿಕೆ ಇಲ್ಲ. ಗದ್ದಲ ಎರಡರಷ್ಟಾದರೆ ಕಳ್ಳನಿಗೆ ನಾಲ್ಕರಷ್ಟು ಅಳತೆ ಬೇಕು, ಅಷ್ಟೇ. ಅಲ್ಲಲ್ಲಿ ವಿಳಂಬ ಸೇರಿಸಿದರೆ ಅವನು ಅಳತೆಗಳನ್ನು ಕಂಪ್ಯೂಟರ್‌ನಲ್ಲಿ ಸಾಲಿಗೆ ತಂದುಕೊಳ್ಳುತ್ತಾನೆ. ಮಾಸ್ಕಿಂಗ್ ಜೊತೆಗೆ ಇವು ಇದ್ದರೆ ಒಳ್ಳೆಯದು, ಬರೀ ಇವೇ ಆದರೆ ಸಾಲದು. ನಮ್ಮ ಮಳೆಗೆ ಬೋರ್ಡ್ ಮೇಲೆ ಎಪಾಕ್ಸಿ ಹೇಗೂ ಸುರಿಯುತ್ತೀರಲ್ವಾ, ಅದು ಕಳ್ಳನ ಕೆಲಸವನ್ನೂ ನಿಧಾನ ಮಾಡುತ್ತದೆ. ಆದರೆ ಚಿಪ್‌ನಿಂದ ಹೊರಡುವ ವಿದ್ಯುತ್ಕಾಂತೀಯ ಅಲೆ ಹಿಡಿಯುವ ಪ್ರೋಬ್‌ಗೆ ಎಪಾಕ್ಸಿ ಅಡ್ಡ ಬರುವುದಿಲ್ಲ.

ಸೆಕ್ಯೂರ್ ಎಲಿಮೆಂಟ್ (ಕೀ ಕಾಪಾಡಲೆಂದೇ ಮಾಡಿದ ಬೇರೆ ಚಿಪ್) ಹಾಕಿದರೆ ಚಿಂತೆಯೇ ಇಲ್ಲ ಅನ್ನುವವರೂ ಇದ್ದಾರೆ. ಹಾಕಿ, ಸ್ಟಾರ್ಟರ್‌ಗೆ ಅದು ಬೇಕು. ಆದರೆ 2024ರಲ್ಲಿ ಲಾಗಿನ್‌ಗೆ ಬಳಸುವ ಭದ್ರತಾ ಸಾಧನ ಯೂಬಿಕೀ 5ರ ಒಳಗಿನ ಇನ್‌ಫಿನಿಯನ್ ಚಿಪ್‌ನಲ್ಲೇ ಇಂಥ ಸೋರಿಕೆ ಸಿಕ್ಕಿತು. ಪ್ರಮಾಣಪತ್ರಗಳ ಪರೀಕ್ಷೆಗಳೆಲ್ಲ ಆಗಿದ್ದರೂ 14 ವರ್ಷ ಅದು ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಸ್ವಂತವಾಗಿ ಪರೀಕ್ಷಿಸಲು ಚಿಪ್‌ವಿಸ್ಪರರ್ ಬೋರ್ಡ್ (ಇಂಥ ಅಳತೆಗೆಂದೇ ಮಾಡಿದ ಉಪಕರಣ) ಸಾಕು. ಒಂದೇ ಅಂಕಿಯನ್ನು ಮತ್ತೆ ಮತ್ತೆ ಕೊಟ್ಟ ಅಳತೆಗಳು, ಬೇರೆ ಬೇರೆ ಅಂಕಿ ಕೊಟ್ಟ ಅಳತೆಗಳು, ಎರಡೂ ಗುಂಪು ತೆಗೆದು ಟಿ-ಟೆಸ್ಟ್ (ಎರಡು ಗುಂಪಿನ ಸರಾಸರಿಗಳು ನಿಜವಾಗಿ ಬೇರೆಯಾ ಅಂತ ನೋಡುವ ಲೆಕ್ಕ) ಮಾಡಿ. ಬರುವ ಸಂಖ್ಯೆ 4.5 ದಾಟಿದರೆ, ಅಥವಾ -4.5ಕ್ಕಿಂತ ಕೆಳಗಿಳಿದರೆ, ಸೋರುತ್ತಿದೆ. ದಾಟದಿದ್ದರೆ ಇನ್ನೂ ಜಾಸ್ತಿ ಅಳತೆ ತೆಗೆದು ನೋಡಿ. ನಿಮ್ಮ ಡಬ್ಬಿಯಲ್ಲಿರುವ ಚಿಪ್ ಯಾವುದು ಅಂತ ನೀವು ಬರೆದಿಲ್ಲ. ಕೆಳಗೆ ಹಾಕಿ, ಅದರ ಡೇಟಾಶೀಟ್ ನೋಡಿ ಹೇಳುತ್ತೇನೆ.