ಪರ್ಯಾಯ ವೈದ್ಯವನ್ನು ದೇಶದ ಆರೋಗ್ಯ ವ್ಯವಸ್ಥೆಗೆ ಸೇರಿಸುವುದು ಹೇಗೆ?

ಸೇರಿಸಬಹುದು. ಆದರೆ ಇಡೀ ಪದ್ಧತಿಯನ್ನು ಒಟ್ಟಿಗೆ ತರುವುದಲ್ಲ, ಒಂದೊಂದು ಚಿಕಿತ್ಸೆಯನ್ನೂ ಪರೀಕ್ಷಿಸಿ ಒಳಗೆ ಬಿಡಬೇಕು. ಚೀನಾದ ವಿಜ್ಞಾನಿ ತು ಯೂಯೂ ಮತ್ತು ಅವರ ತಂಡ ಮಾಡಿದ್ದು ಇದನ್ನೇ. ಹಳೆಯ ವೈದ್ಯಗ್ರಂಥದ ಸುಳಿವು ಹಿಡಿದು ಒಂದು ಗಿಡದಿಂದ ಆರ್ಟೆಮಿಸಿನಿನ್ ಎಂಬ ಮಲೇರಿಯಾ ಔಷಧಿ ತೆಗೆದರು, ರೋಗಿಗಳ ಮೇಲೆ ಪರೀಕ್ಷೆ ಆಯಿತು, 2015ರಲ್ಲಿ ತು ಅವರಿಗೆ ನೊಬೆಲ್ ಬಂತು. ಈಗ ಅದರಿಂದ ಬಂದ ಔಷಧಿಗಳೇ ಮಲೇರಿಯಾಕ್ಕೆ ಮುಖ್ಯ ಚಿಕಿತ್ಸೆ.

ದುಡ್ಡು ಯಾರು ಕೊಡಬೇಕು ಅನ್ನುವಲ್ಲಿ ಜಗಳ ಜಾಸ್ತಿ. ಸ್ವಿಟ್ಜರ್ಲೆಂಡ್‌ನಲ್ಲಿ 2009ರ ಜನಮತಗಣನೆಯಲ್ಲಿ ಮತ ಹಾಕಿದವರಲ್ಲಿ ಸುಮಾರು ಮೂರನೇ ಎರಡು ಭಾಗ ಜನ ಪರ್ಯಾಯ ವೈದ್ಯದ ಪರವಾಗಿದ್ದರು. 2017ರಲ್ಲಿ ಹೋಮಿಯೋಪಥಿ, ಗಿಡಮೂಲಿಕೆ ಚಿಕಿತ್ಸೆ ಮುಂತಾದವು ಕಡ್ಡಾಯ ವಿಮೆಯಲ್ಲಿ ಕಾಯಂ ಆದವು. ಷರತ್ತು ಒಂದೇ: ಕೊಡುವವರು ಆ ಪದ್ಧತಿಯಲ್ಲೂ ತರಬೇತಿ ಪಡೆದ ಡಾಕ್ಟರೇ ಆಗಿರಬೇಕು. ಫ್ರಾನ್ಸ್ ಉಲ್ಟಾ ನಡೆಯಿತು. ಪುರಾವೆ ಸಾಲದು ಎಂದು 2021ರಿಂದ ಹೋಮಿಯೋಪಥಿ ಔಷಧಿಗೆ ಸರ್ಕಾರಿ ವಿಮೆಯ ದುಡ್ಡು ನಿಲ್ಲಿಸಿತು. ನನಗೆ ಫ್ರಾನ್ಸಿನ ದಾರಿಯೇ ಸರಿ ಅನ್ನಿಸುತ್ತದೆ. ಔಷಧಿ ಕೆಲಸ ಮಾಡುತ್ತದೋ ಇಲ್ಲವೋ ಅನ್ನುವುದನ್ನು ಮತ ಹಾಕಿ ತೀರ್ಮಾನಿಸಲು ಆಗುವುದಿಲ್ಲ, ಅಲ್ವಾ?

ಸೇರಿಸುವುದರ ದೊಡ್ಡ ಲಾಭ ಬೇರೆಯೇ ಇದೆ. ಎಷ್ಟೋ ಜನ ಹೇಗೂ ಎರಡೂ ಕಡೆ ಹೋಗುತ್ತಾರೆ, ಡಾಕ್ಟರಿಗೆ ಮಾತ್ರ ಹೇಳುವುದಿಲ್ಲ. ಖಿನ್ನತೆಗೆ ಅಂತ ತೆಗೆದುಕೊಳ್ಳುವ ಸೇಂಟ್ ಜಾನ್ಸ್ ವರ್ಟ್ ಮೂಲಿಕೆಯನ್ನೇ ನೋಡಿ. ಅದು ಗರ್ಭನಿರೋಧಕ ಮಾತ್ರೆಯ ಬಲ ಕುಗ್ಗಿಸುತ್ತದೆ. ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್‌ಗೂ ಅದೇ ಗತಿ. ಎಲ್ಲವೂ ಒಂದೇ ದಾಖಲೆಯಲ್ಲಿದ್ದರೆ ಇಂಥದ್ದು ಡಾಕ್ಟರ ಕಣ್ಣಿಗೆ ಬೀಳುತ್ತದೆ. ಹಾಗಾಗಿ ಚಿಕಿತ್ಸಕರ ನೋಂದಣಿ, ಮೂಲಿಕೆಗಳ ಗುಣಮಟ್ಟ ಪರೀಕ್ಷೆ, ಅಡ್ಡಪರಿಣಾಮಗಳ ವರದಿ, ಇವು ಮೊದಲು ಆಗಬೇಕು. ವಿಮೆಯ ಮಾತು ಆಮೇಲೆ.