ಕುಸ್ಕೋ ಪ್ರವಾಸ: ದಿನದ ಲೆಕ್ಕ ಬೇಡ, ದಾರಿಯ ಲೆಕ್ಕ ಹಾಕಿ

ಪ್ರಶ್ನೆ: ಮೇ ತಿಂಗಳಲ್ಲಿ ನಾನು, ನನ್ನ ತಂಗಿ ಪೆರು ದೇಶದ ಕುಸ್ಕೋಗೆ ಹೋಗುತ್ತಿದ್ದೇವೆ. ವೀಸಾ, ವಿಮಾನದ ಟಿಕೆಟ್ ಆಗಿದೆ. ಐದು ದಿನ ಇರುತ್ತೇವೆ. ಬೆಟ್ಟದ ಮೇಲಿನ ಹಳೆಯ ಇಂಕಾ ನಗರ ಮಾಚು ಪಿಚುವನ್ನೂ ನೋಡಬೇಕು. ತಲೆಗೆ ದಿನಕ್ಕೆ ಎಷ್ಟು ಹಣ ಇಟ್ಟುಕೊಳ್ಳಬೇಕು?

ಉತ್ತರ: ದಿನಕ್ಕಿಷ್ಟು ಎಂದು ಹಂಚಿದರೆ ಈ ಊರಿನಲ್ಲಿ ಲೆಕ್ಕ ತಪ್ಪುತ್ತದೆ. ಕುಸ್ಕೋದೊಳಗಿನ ಖರ್ಚು ಸಣ್ಣದು. ಮಾಚು ಪಿಚುವಿನ ಒಂದು ದಿನವೇ ಉಳಿದ ನಾಲ್ಕು ದಿನಗಳ ಹಣ ನುಂಗಬಹುದು. ಆದ್ದರಿಂದ ಅದನ್ನು ಬೇರೆ ಹಾಳೆಯಲ್ಲೇ ಬರೆಯಿರಿ.

ವಿದೇಶಿ ವಯಸ್ಕರಿಗೆ ಅಲ್ಲಿನ ಪ್ರವೇಶ 152 ಸೋಲ್ (ಪೆರುವಿನ ಹಣ). ಬುಡದಲ್ಲಿರುವ ಅಗ್ವಾಸ್ ಕಾಲಿಯೆಂತೆಸ್‌ನಿಂದ ಮೇಲಕ್ಕೆ ಹೋಗಿಬರುವ ಬಸ್ಸಿಗೆ 24 ಡಾಲರ್. ಕೈ ಸುಡುವುದು ರೈಲು. ಆ ಊರಿಗೆ ಹೊರಗಿನಿಂದ ರಸ್ತೆಯೇ ಇಲ್ಲ. ಹೋಗಿಬರಲು ತಲೆಗೆ ನೂರು ಡಾಲರ್ ದಾಟಿದರೆ ಆಶ್ಚರ್ಯಪಡಬೇಡಿ. ಹಿದ್ರೋಎಲೆಕ್ತ್ರಿಕಾ ಎಂಬ ಜಲವಿದ್ಯುತ್ ಸ್ಥಾವರದವರೆಗೆ ವ್ಯಾನಿನಲ್ಲಿ ಹೋಗಿ, ಹಳಿಯ ಪಕ್ಕ ಸುಮಾರು 10 ಕಿ.ಮೀ. ನಡೆಯುವ ಅಗ್ಗದ ದಾರಿಯೂ ಉಂಟು. ಐದೇ ದಿನ ಇರುವವರಿಗೆ ನಾನದನ್ನು ಹೇಳುವುದಿಲ್ಲ, ಒಂದಿಡೀ ದಿನ ಅದರಲ್ಲೇ ಕಳೆಯುತ್ತದೆ. ಪ್ರವೇಶದ ಟಿಕೆಟ್ ಈಗಲೇ ಆನ್‌ಲೈನಿನಲ್ಲಿ ತೆಗೆದುಕೊಳ್ಳಿ. ಅಲ್ಲೇ ಹೋಗಿ ಕೊಳ್ಳೋಣ ಎಂದು ಹೊರಟವರು ಸರದಿಗೆ ಕಾಯುತ್ತಾ ಒಂದು ರಾತ್ರಿಯ ಬಾಡಿಗೆ ಹೆಚ್ಚು ಕೊಟ್ಟಿದ್ದಾರೆ.

ಇನ್ನು ಎತ್ತರ. ಯಾರೂ ಇದನ್ನು ಬಜೆಟ್ಟಿನಲ್ಲಿ ಬರೆಯುವುದಿಲ್ಲ. ಕುಸ್ಕೋ ಸುಮಾರು 3,400 ಮೀಟರ್ ಎತ್ತರದಲ್ಲಿದೆ. ಇಳಿದ ದಿನವೇ ಸುತ್ತಲು ಹೊರಟು ತಲೆನೋವು, ವಾಂತಿ ಎಂದು ಮಲಗಿದರೆ ಮುಂಗಡ ಕೊಟ್ಟ ಟಿಕೆಟ್ಟುಗಳೆಲ್ಲ ನೀರುಪಾಲು. ವಿಮಾನ ನಿಲ್ದಾಣದಿಂದ ನೇರವಾಗಿ ಓಯಾಂತಾಯ್ತಾಂಬೊ ಎಂಬ ತಗ್ಗಿನ ಊರಿಗೆ ಇಳಿದುಬಿಡಿ. ಅದು 2,800 ಮೀಟರ್ ಆಸುಪಾಸಿನಲ್ಲಿದೆ, ಮೈ ಹೊಂದಿಕೊಳ್ಳಲು ಸುಲಭ. ಎರಡು ರಾತ್ರಿ ಅಲ್ಲಿದ್ದು, ಅಲ್ಲಿಂದಲೇ ರೈಲು ಹತ್ತಿ, ಕುಸ್ಕೋವನ್ನು ಕೊನೆಗಿಟ್ಟುಕೊಳ್ಳಿ. ಒಂದು ಸುತ್ತಿನ ಓಡಾಟದ ಖರ್ಚೂ ಉಳಿಯುತ್ತದೆ. ಎತ್ತರದ ತೊಂದರೆಗೆ ಮಾತ್ರೆ ಬೇಕೇ ಎಂದು ಹೊರಡುವ ಮೊದಲು ವೈದ್ಯರ ಬಳಿ ಮಾತಾಡಿ.

ಉಳಿದ ಸ್ಮಾರಕಗಳಿಗೆ 'ಬೊಲೆತೊ ತುರಿಸ್ತಿಕೊ' ಎಂಬ ಒಟ್ಟು ಟಿಕೆಟ್ ಇದೆ: 130 ಸೋಲ್, ಹತ್ತು ದಿನ ನಡೆಯುತ್ತದೆ. ಸಕ್ಸಾಯ್ವಮಾನ್, ಪಿಸಾಕ್, ಮೊರಾಯ್, ಓಯಾಂತಾಯ್ತಾಂಬೊ ಇದರಲ್ಲಿ ಬರುತ್ತವೆ. ಕೊರಿಕಾಂಚಾ ದೇಗುಲ, ಕ್ಯಾಥೆಡ್ರಲ್, ಮಾರಾಸ್ ಉಪ್ಪಿನ ಗದ್ದೆ ಬರುವುದಿಲ್ಲ. ಇವಕ್ಕೆ ಬೇರೆ ಹಣ ತೆಗೆದಿಡಿ.

ಊಟಕ್ಕೆ ಕುಸ್ಕೋದ ಮುಖ್ಯ ಚೌಕದ ಸುತ್ತಲಿನ ಹೋಟೆಲುಗಳಿಂದ ಎರಡು ಬೀದಿ ಆಚೆ ನಡೆಯಿರಿ. ಮಧ್ಯಾಹ್ನ 'ಮೆನು ದೆಲ್ ದಿಯಾ' (ಆ ದಿನದ ಊಟ) ಎಂದು ಫಲಕ ಹಾಕಿರುತ್ತಾರೆ. ಸೂಪು, ಮುಖ್ಯ ಊಟ, ಕುಡಿಯಲು ಏನಾದರೂ ಸೇರಿ 15 ಸೋಲ್ ಒಳಗೆ ಮುಗಿಯುತ್ತದೆ. ಸಸ್ಯಾಹಾರಿಗಳಾದರೆ ಸೂಪಿನ ಬಗ್ಗೆ ಮೊದಲೇ ವಿಚಾರಿಸಿ. ಟ್ಯಾಕ್ಸಿಗೆ ಮೀಟರ್ ಇಲ್ಲ, ಹತ್ತುವ ಮುನ್ನ ದರ ಗೊತ್ತು ಮಾಡಿಕೊಳ್ಳಿ. ಎಟಿಎಂ ಪ್ರತಿ ಸಲ ಶುಲ್ಕ ಕೀಳುತ್ತದೆ, ಆದ್ದರಿಂದ ಬೇಕಾದಷ್ಟನ್ನು ಒಮ್ಮೆಲೇ ತೆಗೆಯಿರಿ. ಡಾಲರ್ ಒಯ್ಯುವುದಾದರೆ ಒಂದು ಮೂಲೆ ಹರಿದ ನೋಟನ್ನೂ ಅಲ್ಲಿ ಮುಟ್ಟುವುದಿಲ್ಲ.

ಹೋಟೆಲಿನಲ್ಲಿ ಪಾಸ್‌ಪೋರ್ಟನ್ನೂ ಪ್ರವೇಶದ ದಾಖಲೆಯನ್ನೂ ತೋರಿಸಿ. ಅಲ್ಪಾವಧಿಗೆ ಬಂದ ವಿದೇಶಿಯರಿಗೆ ಕೋಣೆಯ ಬಾಡಿಗೆ ಮೇಲಿನ 18% ತೆರಿಗೆಯಿಂದ ವಿನಾಯಿತಿ ಇದೆ. ಬಿಲ್ಲಿನಲ್ಲಿ ಸೇರಿಸಿದ್ದರೆ ಕೇಳಿ ತೆಗೆಸಿ. ಕೋಕಾ ಎಲೆಯ ಚಹಾ ಎಲ್ಲೆಡೆ ಸಿಗುತ್ತದೆ, ಅಲ್ಲೇ ಕುಡಿಯಿರಿ. ನೆನಪಿಗೆಂದು ಒಂದು ಪೊಟ್ಟಣವನ್ನೂ ತರಬೇಡಿ, ಕೋಕಾ ಎಲೆ ಭಾರತದಲ್ಲಿ ಮಾದಕವಸ್ತು ಕಾನೂನಿನ ಅಡಿ ಬರುತ್ತದೆ.